ಒಪ್ಪಿಗೆಯ ಮಾತು: ಕ್ರೈಸ್ತ ಪರಂಪರೆಯಲ್ಲಿ ಮದುವೆ ಮತ್ತು ಬದ್ಧತೆ

ಕ್ರೈಸ್ತ ಮದುವೆಯನ್ನು ಕುರಿತು ಹೊರಗಿನವರಿಗೆ ಸಾಮಾನ್ಯವಾಗಿ ತಿಳಿದಿರುವ ಸಂಗತಿಗಳು ಎರಡು: ಅದು ಚರ್ಚಿನಲ್ಲಿ ಪಾದ್ರಿಗಳ ಮುಂದೆ ನಡೆಯುತ್ತದೆ ಎಂಬುದು, ಒಮ್ಮೆ ಬೆಸೆದ ಆ ಬಂಧವನ್ನು ಬಿಡಿಸಿಕೊಳ್ಳುವುದು ಬಹಳ ಕಷ್ಟ ಎಂಬುದು. ಎರಡೂ ಬಹುಮಟ್ಟಿಗೆ ನಿಜ. ಆದರೆ ಆ ಪರಂಪರೆಯ ತಿರುಳನ್ನು ಹಿಡಿಯಲು ಇವು ಸಾಲವು. ರೋಮನ್ ಕಥೋಲಿಕ ಧರ್ಮಸಭೆಯ ಶಾಸ್ತ್ರಜ್ಞರು ಹಲವು ಶತಮಾನಗಳ ವಾದವಿವಾದದ ನಂತರ ತಲುಪಿದ ನಿಲುವಿನಂತೆ, ಮದುವೆಯನ್ನು ಉಂಟುಮಾಡುವುದು ವಧೂವರರು ಯಾರ ಬಲವಂತವೂ ಇಲ್ಲದೆ ಪರಸ್ಪರ ಕೊಟ್ಟುಕೊಳ್ಳುವ ಒಪ್ಪಿಗೆ. ಪಾದ್ರಿ ಅದಕ್ಕೆ ಸಭೆಯ ಪರವಾಗಿ ಸಾಕ್ಷಿಯಾಗುತ್ತಾರೆ, ಬಂಧುಬಳಗ ಹರಸುತ್ತದೆ, ಆದರೆ ಆ ಇಬ್ಬರ ಬದಲಿಗೆ ಆ ಮಾತನ್ನು ಆಡುವ ಅಧಿಕಾರ ಲೋಕದಲ್ಲಿ ಯಾರಿಗೂ ಇರುವುದಿಲ್ಲ. ಈ ನಿಲುವನ್ನು ಗಮನದಲ್ಲಿಟ್ಟುಕೊಂಡರೆ ಸ್ವಾತಂತ್ರ್ಯ ಮತ್ತು ಬದ್ಧತೆ ಪರಸ್ಪರ ವಿರುದ್ಧವೆಂಬ ಇಂದಿನ ಸಾಮಾನ್ಯ ಭಾವನೆ ಕ್ರೈಸ್ತ ಚಿಂತನೆಯಲ್ಲಿ ಏಕೆ ನಿಲ್ಲುವುದಿಲ್ಲ ಎಂಬುದು ತಿಳಿಯುತ್ತದೆ, ಜೊತೆಗೆ ಬಂಧವನ್ನು ಕಾಯುವ ಭರದಲ್ಲಿ ಒಪ್ಪಿಗೆಯನ್ನು ಮರೆತ ಕಡೆಯಲ್ಲೆಲ್ಲ ಅದೇ ಸಭೆ ತನ್ನ ಜನರನ್ನು, ಹೆಚ್ಚಾಗಿ ಹೆಂಗಸರನ್ನು, ಎಷ್ಟು ನೋಯಿಸಿತು ಎಂಬುದೂ ತಿಳಿಯುತ್ತದೆ.

ವಿಷಯದ ಬೇರು ಯೇಸುವಿನ ಕಾಲದ ಒಂದು ಯೆಹೂದಿ ಚರ್ಚೆಯಲ್ಲಿದೆ. ಹೆಂಡತಿಗೆ ತ್ಯಾಗಪತ್ರ ಬರೆದುಕೊಟ್ಟು ಕಳುಹಿಸಲು ಮೋಶೆಯ ಧರ್ಮಶಾಸ್ತ್ರ ಗಂಡನಿಗೆ ಅವಕಾಶ ಕೊಟ್ಟಿತ್ತು. ಯಾವ ಕಾರಣಕ್ಕೆ ಹಾಗೆ ಕಳುಹಿಸಬಹುದು ಎಂಬುದರ ಬಗ್ಗೆ ಎರಡು ಪಂಥಗಳಿದ್ದವು. ಶಮ್ಮಾಯ್ ಪಂಥದವರು ಹಾದರವನ್ನು ಮಾತ್ರ ಕಾರಣವೆಂದು ಒಪ್ಪಿದರೆ, ಹಿಲ್ಲೆಲ್ ಪಂಥದವರು ಅಡುಗೆ ಕೆಡಿಸಿದ್ದೂ ಸಾಕು ಎನ್ನುವವರೆಗೆ ಹೋಗಿದ್ದರು. ಫರಿಸಾಯರು ಈ ಪ್ರಶ್ನೆಯನ್ನು ಮುಂದಿಟ್ಟಾಗ ಯೇಸು ಎರಡೂ ಪಂಥಗಳನ್ನು ಬದಿಗಿಟ್ಟು ಆದಿಕಾಂಡದ ಸೃಷ್ಟಿಕಥೆಗೆ ಹಿಂದಿರುಗಿ, ಗಂಡುಹೆಣ್ಣು ಒಂದೇ ಶರೀರವಾಗುವುದು ದೇವರ ಮೂಲ ಸಂಕಲ್ಪವೆಂದೂ ಮೋಶೆಯ ಅನುಮತಿ ಮನುಷ್ಯರ ಮನಸ್ಸಿನ ಕಾಠಿಣ್ಯಕ್ಕೆ ಕೊಟ್ಟ ರಿಯಾಯಿತಿಯೆಂದೂ ಹೇಳಿದ್ದನ್ನು ಮಾರ್ಕ ಮತ್ತು ಮತ್ತಾಯ ಇಬ್ಬರೂ ದಾಖಲಿಸಿದ್ದಾರೆ. ಮತ್ತಾಯನ ಪಾಠದಲ್ಲಿ ಹಾದರದ ಕಾರಣವೊಂದಕ್ಕೆ ವಿನಾಯಿತಿ ಇದೆ, ಮಾರ್ಕನಲ್ಲಿ ಇಲ್ಲ. ವಿಚ್ಛೇದನವನ್ನು ಕುರಿತು ಕಥೋಲಿಕರು, ಆರ್ಥಡಾಕ್ಸರು ಮತ್ತು ಪ್ರೊಟೆಸ್ಟಂಟರು ಇಂದಿಗೂ ಬೇರೆಬೇರೆ ದಾರಿ ಹಿಡಿದಿರುವುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ. ಆದರೆ ಕಾನೂನಿನ ದೃಷ್ಟಿಯಿಂದಷ್ಟೇ ನೋಡಿದರೆ ಆ ಮಾತಿನ ಸಾಮಾಜಿಕ ಭಾರ ಕಣ್ಣಿಗೆ ಬೀಳುವುದಿಲ್ಲ. ಗಂಡ ಬರೆದ ಒಂದು ಚೀಟಿಯಿಂದ ಬೀದಿಗೆ ಬೀಳಬಹುದಾಗಿದ್ದ ಹೆಂಗಸಿಗೆ ಆ ನಿಷೇಧವೇ ಆಸರೆಯಾಗಿತ್ತು. ಕೇಳುತ್ತಿದ್ದ ಶಿಷ್ಯರೇ ಹಾಗಿದ್ದರೆ ಮದುವೆಯಾಗದಿರುವುದೇ ಮೇಲು ಎಂದು ಉದ್ಗರಿಸಿದ್ದನ್ನು ನೋಡಿದರೆ, ಅದು ಗಂಡಸರ ಯಾವ ಅನುಕೂಲಕ್ಕೆ ತಾಕಿತೆಂಬುದು ಸ್ಪಷ್ಟವಾಗುತ್ತದೆ. ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ, ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರವಿದೆ ಎಂದು ಆ ಕಾಲದ ಯಾರಾದರೂ ಹೇಳಬಹುದಾಗಿದ್ದ ಮಾತನ್ನು ಹೇಳಿ, ಅದರ ಬೆನ್ನಿಗೇ ಗಂಡನ ದೇಹದ ಮೇಲೆ ಹೆಂಡತಿಗೂ ಅಷ್ಟೇ ಅಧಿಕಾರವಿದೆ ಎಂದು ಸೇರಿಸಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ.

ಈ ಬೋಧನೆ ರೋಮನ್ ಸಾಮ್ರಾಜ್ಯದಲ್ಲಿ ಹರಡಿದಾಗ ಅದು ಅಲ್ಲಿನ ವಿವಾಹ ಕಾನೂನನ್ನು ಎದುರುಗೊಂಡಿತು. ರೋಮನ್ ನ್ಯಾಯಶಾಸ್ತ್ರಜ್ಞ ಉಲ್ಪಿಯನ್ ಮದುವೆಯನ್ನು ಮಾಡುವುದು ಸಹಶಯನವಲ್ಲ, ಸಮ್ಮತಿ ಎಂಬ ಸೂತ್ರವನ್ನು ಆಗಲೇ ಹೇಳಿದ್ದನು. ಆದರೆ ಆ ಸಮ್ಮತಿಯಲ್ಲಿ ಕುಟುಂಬದ ಯಜಮಾನನ ಸಮ್ಮತಿಯೂ ಸೇರಿತ್ತು, ಮತ್ತು ಅದು ದಂಪತಿಗಳು ಜೊತೆಯಾಗಿರಲು ಬಯಸುವಷ್ಟು ಕಾಲ ಮಾತ್ರ ಜೀವಂತವಾಗಿರುವಂಥದ್ದು. ಬಯಕೆ ತೀರಿದರೆ ಸಮ್ಮತಿ ತೀರಿತು, ಸಮ್ಮತಿ ತೀರಿದರೆ ಮದುವೆಯೂ ತೀರಿತು. ಕ್ರೈಸ್ತರು ರೋಮನರಿಂದ ಸಮ್ಮತಿಯ ತತ್ತ್ವವನ್ನು ಎರವಲು ಪಡೆದರು, ಆದರೆ ಅದರ ಸ್ವರೂಪವನ್ನೇ ಬದಲಿಸಿದರು: ಸಮ್ಮತಿಯು ಮನಸ್ಸಿನ ಒಂದು ಸ್ಥಿತಿಯಾಗಿ ಉಳಿಯದೆ, ಒಮ್ಮೆ ಮಾಡಿದರೆ ಮುಗಿಯುವ ಮತ್ತು ಹಿಂದೆಗೆಯಲಾಗದ ಒಂದು ಕ್ರಿಯೆಯಾಯಿತು. ಕ್ರೈಸ್ತ ಅರ್ಥದ ಬದ್ಧತೆ ಇಲ್ಲಿಯೇ ಹುಟ್ಟುತ್ತದೆ. ಪ್ರೀತಿಯ ಭಾವನೆ ಏರಬಹುದು, ಇಳಿಯಬಹುದು, ಕೆಲವು ವರ್ಷ ಕಾಣದೆಯೂ ಹೋಗಬಹುದು. ಕೊಟ್ಟ ಮಾತು ಮಾತ್ರ ಆ ಏರಿಳಿತಗಳಿಗೆ ಒಳಪಡದೆ ನಿಂತು, ಭಾವನೆಗೆ ಮರಳಿ ಬರಲು ಒಂದು ನೆಲೆಯನ್ನು ಉಳಿಸಿಕೊಡುತ್ತದೆ.

ಪಾಶ್ಚಾತ್ಯ ಸಭೆಯಲ್ಲಿ ಈ ಚಿಂತನೆಗೆ ರೂಪ ಕೊಟ್ಟವರಲ್ಲಿ ಸಂತ ಅಗಸ್ಟೀನನಷ್ಟು ಪ್ರಭಾವ ಬೀರಿದವರು ಬೇರೊಬ್ಬರಿಲ್ಲ. ಉತ್ತರ ಆಫ್ರಿಕಾದ ಹಿಪ್ಪೊ ಪಟ್ಟಣದ ಬಿಷಪ್ ಆಗಿದ್ದ ಆತನು ಕ್ರಿ.ಶ. 401ರ ಸುಮಾರಿಗೆ ಬರೆದ ವಿವಾಹದ ಒಳಿತನ್ನು ಕುರಿತ ಗ್ರಂಥದಲ್ಲಿ ಮದುವೆಗೆ ಮೂರು ಒಳಿತುಗಳನ್ನು ಹೇಳಿದನು: ಸಂತಾನ, ಪರಸ್ಪರ ನಿಷ್ಠೆ, ಮತ್ತು ಕ್ರಿಸ್ತನು ತನ್ನ ಸಭೆಯೊಡನೆ ಇಟ್ಟುಕೊಂಡಿರುವ ಅಳಿಯದ ಸಂಬಂಧಕ್ಕೆ ದಂಪತಿಗಳ ಬಂಧ ಒಂದು ಗುರುತಾಗಿರುವುದು. ಈ ಮೂರನೆಯದನ್ನೇ ಧರ್ಮಸಭೆ ಮುಂದೆ ಸಂಸ್ಕಾರವೆಂದು, ಅಂದರೆ ದೇವರ ಕೃಪೆಯನ್ನು ಕಣ್ಣಿಗೆ ಕಾಣುವಂತೆ ಮಾಡುವ ಪವಿತ್ರ ಚಿಹ್ನೆಯೆಂದು ಬೆಳೆಸಿತು. ಅಗಸ್ಟೀನನನ್ನು ಕಾಮದ ಬಗ್ಗೆ ಕಠೋರವಾಗಿ ಬರೆದವನೆಂದು ದೂರುವುದು ವಾಡಿಕೆ, ಆ ದೂರಿನಲ್ಲಿ ಸತ್ಯಾಂಶವೂ ಇದೆ. ಆದರೆ ಆ ಗ್ರಂಥದ ಹಿಂದೆ ಆತನ ಸ್ವಂತ ಜೀವನದ ಒಂದು ಗಾಯವಿದೆ. ಮತಾಂತರಕ್ಕೆ ಮೊದಲು ಆತನು ಹನ್ನೆರಡಕ್ಕೂ ಹೆಚ್ಚು ವರ್ಷ ಒಬ್ಬ ಹೆಂಗಸಿನೊಡನೆ ಮದುವೆಯಿಲ್ಲದೆ ಬಾಳಿದ್ದನು, ಅವಳಿಂದ ಅದೆಯೋದಾತುಸ್ ಎಂಬ ಮಗನನ್ನು ಪಡೆದಿದ್ದನು. ಅಂತಸ್ತಿಗೆ ತಕ್ಕ ಸಂಬಂಧವೊಂದು ಗೊತ್ತಾದಾಗ ಆಕೆಯನ್ನು ಮಿಲಾನ್ ನಗರದಿಂದ ಆಫ್ರಿಕಾಕ್ಕೆ ಕಳುಹಿಸಲಾಯಿತು. ಆಕೆ ಇನ್ನಾವ ಗಂಡಸನ್ನೂ ಸೇರುವುದಿಲ್ಲವೆಂದು ವ್ರತ ತೊಟ್ಟು ಮಗನನ್ನು ಬಿಟ್ಟು ಹೊರಟುಹೋದಳೆಂದು ಅಗಸ್ಟೀನನು ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ, ಆಕೆಯ ಹೆಸರನ್ನು ಮಾತ್ರ ಎಲ್ಲಿಯೂ ಬರೆದಿಲ್ಲ. ವಿವಾಹ ಕುರಿತ ಗ್ರಂಥದಲ್ಲಿ ಆತನು ಒಂದು ಪ್ರಶ್ನೆಯನ್ನು ಎತ್ತುತ್ತಾನೆ: ವಿಧಿವತ್ತಾಗಿ ಮದುವೆಯಾಗದ ಗಂಡುಹೆಣ್ಣು ಬೇರೆ ಯಾರನ್ನೂ ಬಯಸದೆ, ಮಕ್ಕಳನ್ನು ಬೇಡವೆನ್ನದೆ, ಸಾಯುವವರೆಗೆ ಜೊತೆಯಾಗಿರುವ ನಿಶ್ಚಯದಿಂದ ಬಾಳಿದರೆ ಅದನ್ನು ಮದುವೆಯೆನ್ನಬಹುದೇ? ಬಹುಶಃ ಎನ್ನಬಹುದು ಎಂಬುದು ಆತನ ಉತ್ತರ. ಅದೇ ಉಸಿರಿನಲ್ಲಿ, ಸಿರಿವಂತ ವಧು ಸಿಗುವವರೆಗೆ ಮಾತ್ರ ಒಬ್ಬಳನ್ನು ಇಟ್ಟುಕೊಳ್ಳುವ ಗಂಡಸು ಮನಸ್ಸಿನಲ್ಲಿ ಹಾದರ ಮಾಡುತ್ತಿದ್ದಾನೆಂದೂ, ಅವನಿಗೆ ನಿಷ್ಠಳಾಗಿ ಉಳಿದವಳು ಎಷ್ಟೋ ಮದುವೆಯಾದ ಗೃಹಿಣಿಯರಿಗಿಂತ ಮೇಲೆಂದೂ ಬರೆಯುತ್ತಾನೆ. ಬಿಷಪ್ಪನು ಇಲ್ಲಿ ತನ್ನ ಮೇಲೆಯೇ ತೀರ್ಪು ಕೊಟ್ಟುಕೊಂಡಿದ್ದಾನೆಂದು ಓದದೆ ಇರಲು ಸಾಧ್ಯವಿಲ್ಲ. ಮದುವೆಯ ಜೀವವು ನಿಶ್ಚಯದಲ್ಲಿದೆ, ನಿಷ್ಠೆಯಲ್ಲಿದೆ ಎಂಬ ಅರಿವು ಆತನಿಗೆ ಪುಸ್ತಕಗಳಿಂದ ಬಂದದ್ದಲ್ಲ. ಅವನು ಕಳುಹಿಸಿಬಿಟ್ಟವಳು ಅದನ್ನು ಬದುಕಿ ತೋರಿಸಿದ್ದಳು.

ಸಮ್ಮತಿ ಯಾವ ಗಳಿಗೆಯಲ್ಲಿ ಪೂರ್ಣವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಮತ್ತೆ ಏಳು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಆ ನಡುವೆ, 866ರಲ್ಲಿ, ಹೊಸದಾಗಿ ಕ್ರೈಸ್ತನಾದ ಬಲ್ಗೇರಿಯದ ಅರಸು ಬೋರಿಸನ ಪ್ರಶ್ನೆಗಳಿಗೆ ಉತ್ತರಿಸಿದ ಪೋಪ್ ಒಂದನೆಯ ನಿಕೋಲಸ್, ಉಂಗುರ, ವರದಕ್ಷಿಣೆಯ ಪತ್ರ, ಕಿರೀಟಧಾರಣೆ, ಆಶೀರ್ವಾದಗಳೆಲ್ಲ ಒಳ್ಳೆಯವೇ ಆದರೂ ಬಡವರಿಗೆ ಅವು ಒದಗದಿದ್ದರೆ ಪಾಪವಿಲ್ಲವೆಂದೂ ಸಮ್ಮತಿಯೊಂದೇ ಸಾಕೆಂದೂ ತಿಳಿಸಿದ್ದರು. ಹನ್ನೆರಡನೆಯ ಶತಮಾನದಲ್ಲಿ ಬೊಲೊನ್ಯದ ಗ್ರೇಷಿಯನ್, ಒಪ್ಪಿಗೆಯಿಂದ ಮದುವೆ ಆರಂಭವಾಗಿ ದೈಹಿಕ ಕೂಟದಿಂದ ಪೂರ್ಣವಾಗುತ್ತದೆಂದು ವಾದಿಸಿದರೆ, ಪ್ಯಾರಿಸ್ಸಿನ ಪೀಟರ್ ಲೊಂಬಾರ್ಡ್ ವರ್ತಮಾನಕಾಲದಲ್ಲಿ ಆಡಿದ ಒಪ್ಪಿಗೆಯ ಮಾತೇ ಮದುವೆಯೆಂದೂ, ಮುಂದೆ ಮದುವೆಯಾಗುವೆನೆಂಬ ಮಾತು ಬರಿಯ ನಿಶ್ಚಿತಾರ್ಥವೆಂದೂ ಹೇಳಿದನು. ಮರಿಯಮ್ಮ ಮತ್ತು ಯೋಸೇಫರ ನಡುವಿನದು ದೈಹಿಕ ಸಂಬಂಧವಿಲ್ಲದ ನಿಜವಾದ ಮದುವೆ ಎಂಬ ನಂಬಿಕೆ ಲೊಂಬಾರ್ಡನ ಪಕ್ಷಕ್ಕೆ ಬಲ ಕೊಟ್ಟಿತು. ಪೋಪ್ ಮೂರನೆಯ ಅಲೆಕ್ಸಾಂಡರ್ (1159–1181) ಬಹುಮಟ್ಟಿಗೆ ಲೊಂಬಾರ್ಡನ ಮತವನ್ನೇ ಎತ್ತಿಹಿಡಿದು, ಕೂಟದಿಂದ ಪೂರ್ಣವಾಗದ ಮದುವೆಯನ್ನು ಮಾತ್ರ ಕೆಲವು ಸಂದರ್ಭಗಳಲ್ಲಿ ಬಿಡಿಸಬಹುದೆಂದು ಗ್ರೇಷಿಯನ್ನನ ವಾದಕ್ಕೂ ಸ್ವಲ್ಪ ಜಾಗ ಉಳಿಸಿದರು.

ಒಣ ಶಾಸ್ತ್ರಚರ್ಚೆಯಂತೆ ತೋರುವ ಈ ತೀರ್ಮಾನ ಊಳಿಗಮಾನ್ಯ ಯುರೋಪಿನ ಅಡಿಪಾಯವನ್ನೇ ಅಲುಗಿಸುವಂಥದ್ದಾಗಿತ್ತು, ಏಕೆಂದರೆ ಮದುವೆಯ ಮೂಲಕವೇ ಭೂಮಿ, ಪದವಿ, ಮೈತ್ರಿಗಳು ಕೈ ಬದಲಾಯಿಸುತ್ತಿದ್ದ ಸಮಾಜದಲ್ಲಿ ಮಗಳು ತಾನಾಗಿ ಆಡಿದ ಒಂದು ಮಾತನ್ನು ಅಳಿಸಿಹಾಕಲು ತಂದೆಗಾಗಲಿ ದೊರೆಗಾಗಲಿ ಅಧಿಕಾರವಿಲ್ಲವೆಂದು ಅದು ಸಾರಿತು. ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಪಾಸ್ಟನ್ ಮನೆತನದ ಪತ್ರಗಳಲ್ಲಿ ಇದರ ಸ್ಪಷ್ಟ ಚಿತ್ರ ಉಳಿದಿದೆ. ಆ ಜಮೀನ್ದಾರ ಮನೆಯ ಮಗಳು ಮಾರ್ಜರಿ, ತಮ್ಮದೇ ಎಸ್ಟೇಟಿನ ಮೇಲ್ವಿಚಾರಕನಾಗಿದ್ದ ರಿಚರ್ಡ್ ಕಾಲ್ ಎಂಬುವನೊಡನೆ ಗುಟ್ಟಾಗಿ ಒಪ್ಪಿಗೆಯ ಮಾತು ಬದಲಾಯಿಸಿಕೊಂಡಿದ್ದಳು. ಸಂಗತಿ ಬಯಲಾಗಿ ಮನೆಯವರು ಸಿಡಿದೆದ್ದಾಗ, 1469ರಲ್ಲಿ ನಾರಿಚ್‌ನ ಬಿಷಪ್ ಆಕೆಯನ್ನು ಕರೆಸಿ, ಅವಳ ಕುಲ, ಬಂಧುಗಳ ಅಸಮಾಧಾನ ಎಲ್ಲವನ್ನೂ ನೆನಪಿಸಿ, ಆಡಿದ ಮಾತುಗಳನ್ನು ಯಥಾವತ್ತಾಗಿ ಹೇಳುವಂತೆ ಕೇಳಿದನು. ಮಾರ್ಜರಿ ಅವನ್ನು ಹೇಳಿದಳು, ಅಷ್ಟರಿಂದ ಮದುವೆ ಗಟ್ಟಿಯಾಗದಿದ್ದರೆ ಇಲ್ಲಿಂದ ಹೋಗುವ ಮೊದಲೇ ಇನ್ನಷ್ಟು ಗಟ್ಟಿ ಮಾಡುತ್ತೇನೆಂದೂ ಸೇರಿಸಿದಳು. ರಿಚರ್ಡನನ್ನು ಬೇರೆಯಾಗಿ ಕೇಳಿದಾಗ ಅವನ ಹೇಳಿಕೆ ಅವಳದಕ್ಕೆ ಹೊಂದಿಕೆಯಾಯಿತು. ತಾಯಿ ಮಗಳಿಗೆ ಮನೆಯ ಬಾಗಿಲು ಮುಚ್ಚಿದಳು. ಆದರೆ ಮದುವೆ ನಿಂತಿತು, ಏಕೆಂದರೆ ಅದನ್ನು ಮುರಿಯುವ ದಾರಿ ಬಿಷಪ್ಪನಿಗೂ ಇರಲಿಲ್ಲ.

ಇದೇ ನಿಯಮದ ಕೆಡುಕೂ ಅಷ್ಟೇ ದೊಡ್ಡದಾಗಿತ್ತು. ಸಾಕ್ಷಿಗಳಿಲ್ಲದೆ ಕೊಟ್ಟ ಮಾತನ್ನು ಗಂಡಸು ಆಮೇಲೆ ಅಲ್ಲಗಳೆದು ಬೇರೊಬ್ಬಳನ್ನು ಬಹಿರಂಗವಾಗಿ ವರಿಸಿದರೆ ಮೊದಲನೆಯವಳಿಗೆ ದಿಕ್ಕಿರಲಿಲ್ಲ. ಮದುವೆಯ ಉದ್ದೇಶವನ್ನು ಚರ್ಚಿನಲ್ಲಿ ಮುಂಚಿತವಾಗಿ ಪ್ರಕಟಿಸಿ, ಅಡ್ಡಿ ತಿಳಿದವರು ಹೇಳಬೇಕೆಂದು ಕರೆಯುವ ಪದ್ಧತಿಯನ್ನು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಎಲ್ಲೆಡೆಗೂ ಕಡ್ಡಾಯ ಮಾಡಿದ್ದು ಇದಕ್ಕಾಗಿಯೇ. ನಮ್ಮ ಚರ್ಚುಗಳಲ್ಲಿ ಇಂದಿಗೂ ಭಾನುವಾರದ ಪೂಜೆಯ ಹೊತ್ತಿಗೆ ಓದಲಾಗುವ ಮದುವೆಯ ಪ್ರಕಟಣೆಗಳ ಮೂಲ ಅಲ್ಲಿದೆ. ಆದರೂ ಗುಟ್ಟಿನ ಮದುವೆಗಳು ನಿಲ್ಲಲಿಲ್ಲ. ಕೊನೆಗೆ ಟ್ರೆಂಟ್ ಮಹಾಸಭೆಯು 1563ರ ನವೆಂಬರ್‌ನಲ್ಲಿ, ಧರ್ಮಕೇಂದ್ರದ ಗುರುಗಳು ಹಾಗೂ ಇಬ್ಬರು ಅಥವಾ ಮೂವರು ಸಾಕ್ಷಿಗಳು ಇಲ್ಲದೆ ನಡೆದ ಮದುವೆ ಅಸಿಂಧುವೆಂದು ವಿಧಿಸಿತು. ಆ ಹೊತ್ತಿಗೆ ತಂದೆತಾಯಿಗಳ ಒಪ್ಪಿಗೆಯನ್ನೂ ಕಡ್ಡಾಯ ಮಾಡಬೇಕೆಂಬ ಒತ್ತಾಯ ಫ್ರಾನ್ಸಿನ ಕಡೆಯಿಂದ ಬಲವಾಗಿತ್ತು. ಹೆತ್ತವರನ್ನು ಮೀರಿ ಮದುವೆಯಾದ ಮಕ್ಕಳ ಆಸ್ತಿಯ ಹಕ್ಕನ್ನು ಕಿತ್ತುಕೊಳ್ಳುವ ರಾಜಾಜ್ಞೆಯೊಂದು ಅಲ್ಲಿ 1556ರಲ್ಲೇ ಹೊರಟಿತ್ತು. ಮಹಾಸಭೆ ಆ ಒತ್ತಾಯಕ್ಕೆ ಮಣಿಯಲಿಲ್ಲ. ಅಂತಹ ಮದುವೆಗಳನ್ನು ತಾನು ಮೆಚ್ಚುವುದಿಲ್ಲವೆಂದು ಹೇಳಿಯೂ, ಹೆತ್ತವರ ಒಪ್ಪಿಗೆ ಇಲ್ಲದ್ದರಿಂದ ಅವು ಮದುವೆಗಳೇ ಅಲ್ಲವೆಂಬ ವಾದವನ್ನು ಖಂಡಿಸಿತು. ರಾಜಕೀಯವಾಗಿ ದುರ್ಬಲವಾಗಿದ್ದ ಗಳಿಗೆಯಲ್ಲಿ ಕಥೋಲಿಕ ಸಭೆ ತೋರಿದ ಈ ದೃಢತೆ ಅದರ ಚರಿತ್ರೆಯ ಗೌರವದ ಸಂಗತಿಗಳಲ್ಲಿ ಒಂದು.

ಪ್ರೊಟೆಸ್ಟಂಟ್ ಸುಧಾರಕರು ಬೇರೆ ದಾರಿಯಿಂದ ಬಂದರು. ಮಾರ್ಟಿನ್ ಲೂಥರ್ ಮದುವೆಯನ್ನು ಸಂಸ್ಕಾರಗಳ ಪಟ್ಟಿಯಿಂದ ಕೈಬಿಟ್ಟು, ಅದು ಲೌಕಿಕ ಸರ್ಕಾರದ ವ್ಯಾಪ್ತಿಗೆ ಸೇರಿದ್ದೆಂದೂ, ಆದರೆ ದೇವರೇ ಸ್ಥಾಪಿಸಿದ ಪವಿತ್ರ ಸ್ಥಿತಿಯೆಂದೂ ಬೋಧಿಸಿದನು. ಮಗುವಿನ ಬಟ್ಟೆ ಒಗೆಯುವ ತಂದೆಯ ಕೆಲಸವೂ ವಿಶ್ವಾಸದಿಂದ ಮಾಡಿದರೆ ದೇವರಿಗೆ ಪ್ರಿಯವೆಂದು 1522ರಲ್ಲಿ ಬರೆದ ಆತನು, ಮಠದಿಂದ ತಪ್ಪಿಸಿಕೊಂಡು ಬಂದಿದ್ದ ಕಥರೀನಾ ಫಾನ್ ಬೋರಾಳನ್ನು 1525ರ ಜೂನ್ 13ರಂದು ಮದುವೆಯಾದನು. 1542ರ ಉಯಿಲಿನಲ್ಲಿ ಅಂದಿನ ಸ್ಯಾಕ್ಸನಿಯ ರೂಢಿಗೆ ವಿರುದ್ಧವಾಗಿ ಆಸ್ತಿಯ ಹೊಣೆಯನ್ನು ಹೆಂಡತಿಗೇ ವಹಿಸಿದನು. ಹೆತ್ತವರ ಸಮ್ಮತಿ ಅಗತ್ಯವೆಂಬುದು ಲೂಥರನ ಅಭಿಪ್ರಾಯವಾಗಿದ್ದರೂ, ಮಕ್ಕಳನ್ನು ಬಲವಂತದ ಮದುವೆಗೆ ನೂಕುವ ಹಕ್ಕು ಅವರಿಗಿಲ್ಲವೆಂದು ಆತನು ಪ್ರತ್ಯೇಕ ಪ್ರಬಂಧವನ್ನೇ ಬರೆದನು. ಜಿನೀವಾದ ಜಾನ್ ಕಾಲ್ವಿನ್ ಮದುವೆಯನ್ನು ದೇವರು ಸಾಕ್ಷಿಯಾಗಿರುವ ಒಡಂಬಡಿಕೆಯೆಂದು ಕರೆದನು; ಇಂಗ್ಲೆಂಡಿನಲ್ಲಿ ಥಾಮಸ್ ಕ್ರ್ಯಾನ್ಮರ್ 1549ರ ಪ್ರಾರ್ಥನಾ ಪುಸ್ತಕದಲ್ಲಿ, ಸುಖದುಃಖಗಳಲ್ಲಿ ಪರಸ್ಪರ ಒಡನಾಟ ಮತ್ತು ನೆರವನ್ನು ಮದುವೆಯ ಉದ್ದೇಶಗಳಲ್ಲಿ ಒಂದಾಗಿ ಸೇರಿಸಿದನು. ಹಾದರ, ಪರಿತ್ಯಾಗಗಳಂಥ ಕಾರಣಗಳಿಗೆ ವಿಚ್ಛೇದನವನ್ನು ಲೂಥರ್ ಮತ್ತು ಕಾಲ್ವಿನ್ ಒಪ್ಪಿದರು, ಇಂಗ್ಲೆಂಡಿನ ಸಭೆ ಬಹುಕಾಲ ಒಪ್ಪಲಿಲ್ಲ. ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ಗುರುಗಳ ಆಶೀರ್ವಾದ ಮತ್ತು ಕಿರೀಟಧಾರಣೆಯೇ ಪ್ರಧಾನ. ಮನುಷ್ಯ ದೌರ್ಬಲ್ಯಕ್ಕೆ ಸಭೆ ತೋರುವ ಕರುಣೆಯ ಹೆಸರಿನಲ್ಲಿ, ಪಶ್ಚಾತ್ತಾಪದ ಪ್ರಾರ್ಥನೆಗಳೊಡನೆ, ಅಲ್ಲಿ ಎರಡನೆಯ ಮದುವೆಗೂ ಅವಕಾಶವಿದೆ.

ಚರ್ಚಿನಲ್ಲಿ ವಧೂವರರು ಆಡುವ ಪ್ರತಿಜ್ಞೆಯನ್ನು ಸ್ವಲ್ಪ ಪರಿಶೀಲಿಸಿದರೆ ಅದರಲ್ಲಿ ಪ್ರೇಮದ ಘೋಷಣೆಗಿಂತ ಕಷ್ಟದ ದಿನಗಳ ಪ್ರಸ್ತಾಪವೇ ಹೆಚ್ಚಾಗಿರುವುದು ಕಾಣುತ್ತದೆ: ಆರೋಗ್ಯದ ಜೊತೆಗೆ ರೋಗ, ಸುಖದ ಜೊತೆಗೆ ದುಃಖ, ಕೊನೆಗೆ ಸಾವು. ಮುಂದಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಎದುರಿಗಿರುವ ವ್ಯಕ್ತಿ ಏನಾಗುವರು, ತಾನೇ ಏನಾಗುವೆನು ಎಂಬುದು ತಿಳಿಯದ ಸ್ಥಿತಿಯಲ್ಲಿ ಕೊಡುವ ಮಾತು ಅದು, ಮತ್ತು ತಿಳಿಯದೆ ಇರುವುದರಿಂದಲೇ ಅದಕ್ಕೆ ಮಾತಿನ ರೂಪ ಬೇಕಾಗುತ್ತದೆ. ಎಲ್ಲವೂ ಮುಂಚಿತವಾಗಿ ಗೊತ್ತಿದ್ದರೆ ಲೆಕ್ಕಾಚಾರ ಸಾಕಾಗುತ್ತಿತ್ತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಮದುವೆಯನ್ನು ಬಾಳು ಮತ್ತು ಪ್ರೀತಿಯ ಆಪ್ತ ಸಹಭಾಗಿತ್ವವೆಂದು ವರ್ಣಿಸಿ ಕರಾರಿನ ಭಾಷೆಗಿಂತ ಒಡಂಬಡಿಕೆಯ ಭಾಷೆಯನ್ನು ಮುಂದೆ ತಂದದ್ದೂ ಈ ಅರಿವಿನಿಂದಲೇ. ಕರಾರಿನಲ್ಲಿ ವಸ್ತು ಅಥವಾ ಸೇವೆ ಕೈ ಬದಲಾಯಿಸುತ್ತದೆ. ಒಡಂಬಡಿಕೆಯಲ್ಲಿ ವ್ಯಕ್ತಿಗಳು ತಮ್ಮನ್ನೇ ಕೊಟ್ಟುಕೊಳ್ಳುತ್ತಾರೆ.

ಆದರೆ ತನ್ನನ್ನು ಕೊಟ್ಟುಕೊಳ್ಳುವುದೆಂದರೆ ತನ್ನನ್ನು ಹೊಡೆಯಲು ಬಿಡುವುದಲ್ಲ ಎಂಬುದನ್ನು ಸಭೆಗಳು ಸ್ಪಷ್ಟವಾಗಿ ಹೇಳಲು ಬಹಳ ತಡಮಾಡಿದವು. ಹಿಂಸೆಯ ಮನೆಗೆ ಹೆಂಗಸರನ್ನು ಶಿಲುಬೆಯ ಹೆಸರು ಹೇಳಿ ಹಿಂದಿರುಗಿಸಿದ ಪಾದ್ರಿಗಳು, ಸಭಾಪಾಲಕರು ಎಲ್ಲ ದೇಶಗಳಲ್ಲೂ ಇದ್ದರು. ಕಥೋಲಿಕ ಧರ್ಮಶಾಸನ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿರುವಲ್ಲಿ ಬೇರೆಯಾಗಿ ವಾಸಿಸುವ ಹಕ್ಕನ್ನು ಕೊಟ್ಟಿದ್ದರೂ ಅದು ಬಹುಪಾಲು ವಿಶ್ವಾಸಿಗಳಿಗೆ ತಿಳಿದೇ ಇರಲಿಲ್ಲ. 2016ರಲ್ಲಿ ಪೋಪ್ ಫ್ರಾನ್ಸಿಸ್ ಕುಟುಂಬ ಪ್ರೀತಿಯನ್ನು ಕುರಿತ ತಮ್ಮ ಪತ್ರದಲ್ಲಿ, ಕೆಲವು ಸಂದರ್ಭಗಳಲ್ಲಿ ಬೇರೆಯಾಗುವುದು ನೈತಿಕವಾಗಿ ಅವಶ್ಯವೇ ಆಗಬಹುದೆಂದು ನೇರವಾಗಿ ಬರೆದರು. ಭಾರತದಲ್ಲಿ ಈ ಗಾಯವನ್ನು ವಸಾಹತು ಕಾಲದ ಕಾನೂನು ಇನ್ನಷ್ಟು ಆಳಗೊಳಿಸಿತ್ತು. 1869ರ ವಿಚ್ಛೇದನ ಕಾಯ್ದೆಯ ಪ್ರಕಾರ ಕ್ರೈಸ್ತ ಗಂಡನು ಹೆಂಡತಿಯ ಹಾದರವೊಂದನ್ನೇ ರುಜುವಾತುಪಡಿಸಿ ಬಿಡುಗಡೆ ಪಡೆಯಬಹುದಾಗಿದ್ದರೆ, ಹೆಂಡತಿಯು ಸಾಮಾನ್ಯವಾಗಿ ಗಂಡನ ಹಾದರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಹ ರುಜುವಾತುಪಡಿಸಬೇಕಾಗಿತ್ತು. ಕೇರಳ ಹೈಕೋರ್ಟಿನ ಪೂರ್ಣಪೀಠ 1995ರಲ್ಲಿ ಈ ತಾರತಮ್ಯವನ್ನು ತಳ್ಳಿಹಾಕಿತು; 2001ರ ತಿದ್ದುಪಡಿಯಿಂದ ಸಂಸತ್ತು ಗಂಡಹೆಂಡಿರಿಗೆ ಸಮಾನ ಕಾರಣಗಳನ್ನೂ ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನೂ ಒದಗಿಸಿತು. ಸಂತ ಪೌಲನು ಸಮವೆಂದು ಹೇಳಿದ್ದನ್ನು ಕ್ರೈಸ್ತರಿಗಾಗಿಯೇ ಮಾಡಿದ ಕಾನೂನು ನೂರ ಮೂವತ್ತಕ್ಕೂ ಹೆಚ್ಚು ವರ್ಷ ಅಸಮವಾಗಿ ಇಟ್ಟಿತ್ತೆಂಬುದು ದುಃಖದ ಸಂಗತಿ.

ಕಥೋಲಿಕರ ಮಟ್ಟಿಗೆ ಇನ್ನೊಂದು ತೊಡಕು ಇದೆ. ಸಭೆಯ ದೃಷ್ಟಿಯಲ್ಲಿ ವಿಚ್ಛೇದನವಿಲ್ಲ. ಆದರೆ ಮದುವೆಯ ದಿನ ಕೊಟ್ಟ ಒಪ್ಪಿಗೆಯೇ ದೋಷಪೂರ್ಣವಾಗಿತ್ತೆಂದು, ಅಂದರೆ ಬಲವಂತ, ಭಯ, ಮೋಸ, ಗಂಭೀರ ಮಾನಸಿಕ ಅಸಾಮರ್ಥ್ಯದಂಥ ಕಾರಣದಿಂದ ಅಲ್ಲಿ ಮದುವೆಯೇ ಉಂಟಾಗಲಿಲ್ಲವೆಂದು, ಧರ್ಮಪ್ರಾಂತ್ಯದ ನ್ಯಾಯಪೀಠ ವಿಚಾರಣೆ ನಡೆಸಿ ಘೋಷಿಸಬಹುದು. ಇದನ್ನು ಹಿಂಬಾಗಿಲಿನ ವಿಚ್ಛೇದನವೆಂದು ಹೀಗಳೆಯುವವರಿದ್ದಾರೆ. ಆದರೆ ಒಪ್ಪಿಗೆಯೇ ಮದುವೆಯೆಂದು ನಂಬುವ ಪರಂಪರೆಗೆ ಒಪ್ಪಿಗೆಯಿಲ್ಲದ ಕಡೆ ಮದುವೆಯಿಲ್ಲವೆಂದು ಹೇಳುವುದು ಕರ್ತವ್ಯವೇ ಆಗುತ್ತದೆ. ಈ ಘೋಷಣೆಗೆ ದೇಶದ ಕಾನೂನಿನಲ್ಲಿ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು; ಅದಕ್ಕೆ ಮಾನ್ಯತೆ ಕೋರಿ ದಕ್ಷಿಣ ಕನ್ನಡದ ಕಥೋಲಿಕ ಮುಖಂಡರೊಬ್ಬರು ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ 2017ರಲ್ಲಿ ವಜಾ ಆಯಿತು. ಹೀಗಾಗಿ ಮರುಮದುವೆ ಬಯಸುವ ಕಥೋಲಿಕರು ಎರಡು ಕಟ್ಟೆಗಳನ್ನು ಹತ್ತಿ ಇಳಿಯಬೇಕು. 2015ರಲ್ಲಿ ಪೋಪ್ ಫ್ರಾನ್ಸಿಸ್ ಸಭೆಯ ವಿಚಾರಣೆಯನ್ನು ಸರಳಗೊಳಿಸಿ, ಎರಡು ನ್ಯಾಯಪೀಠಗಳ ಒಂದೇ ಬಗೆಯ ತೀರ್ಪು ಬೇಕೆಂಬ ಹಳೆಯ ನಿಯಮವನ್ನು ತೆಗೆದದ್ದರಿಂದ ಒಂದು ಕಡೆಯ ಹೊರೆಯಾದರೂ ಇಳಿದಿದೆ.

ಕರ್ನಾಟಕದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಕ್ರೈಸ್ತ ಮದುವೆ ಎಂದಿಗೂ ಇಬ್ಬರದೇ ಸಂಗತಿಯಾಗಿ ಉಳಿದಿಲ್ಲ. ಮಂಗಳೂರಿನ ಕಥೋಲಿಕರಲ್ಲಿ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಹಿರಿಯರು ಒಬ್ಬೊಬ್ಬರಾಗಿ ತೆಂಗಿನ ಹಾಲು ಹಚ್ಚಿ ಹರಸುತ್ತಾರೆ. ಸಂಬಂಧ ನೋಡುವುದು, ಮಾತುಕತೆ ಮುಗಿಸುವುದು ಬಹುಮಟ್ಟಿಗೆ ಮನೆಯವರ ಕೆಲಸವಾಗಿಯೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಯುರೋಪಿಯನ್ ಪಾದ್ರಿಗಳೂ ಇದಕ್ಕೆ ಹೊರತಾಗಿರಲಿಲ್ಲ. ಮಿಶನ್ನಿನ ಸಮಿತಿಯ ಅನುಮತಿಯಿಲ್ಲದೆ ಅವರು ಮದುವೆಯಾಗುವಂತಿರಲಿಲ್ಲ, ಸರಿಯಾಗಿ ಪರಿಚಯವೂ ಇಲ್ಲದ ವರನನ್ನು ವರಿಸಲು ಹಡಗಿನಲ್ಲಿ ಬಂದ ವಧುಗಳು ಅವರಲ್ಲಿ ಹಲವರಿದ್ದರು. ಕುಟುಂಬ ಕೂಡಿಸಿದ ಮದುವೆಯಲ್ಲಿ ಸ್ವತಂತ್ರ ಒಪ್ಪಿಗೆ ಇರಲಾರದೆಂದು ಹೇಳುವುದು ತಪ್ಪು; ಆದರೆ ಅಲ್ಲಿ ಅದನ್ನು ಹೆಚ್ಚು ಎಚ್ಚರದಿಂದ ಕೇಳಬೇಕಾಗುತ್ತದೆ. ಇದಕ್ಕೆಂದೇ ಕಥೋಲಿಕ ಧರ್ಮಕೇಂದ್ರಗಳಲ್ಲಿ ಮದುವೆಗೆ ಮುನ್ನ ಗುರುಗಳು ವಧುವನ್ನೂ ವರನನ್ನೂ ಬೇರೆಬೇರೆಯಾಗಿ ಕೂರಿಸಿ, ಸ್ವಂತ ಇಚ್ಛೆಯಿಂದ ಬಂದಿರುವಿರಾ, ಯಾರಾದರೂ ಒತ್ತಾಯಿಸಿದ್ದಾರೆಯೇ, ಜೀವನಪರ್ಯಂತದ ಬಂಧವೆಂದು ತಿಳಿದಿದೆಯೇ ಎಂದು ವಿಚಾರಿಸಿ ಬರೆದುಕೊಳ್ಳುವ ಪದ್ಧತಿಯಿದೆ. ನಾರಿಚ್‌ನ ಬಿಷಪ್ ಮಾರ್ಜರಿಯನ್ನು ಮದುವೆಯ ನಂತರ ಕೇಳಿದ್ದನ್ನು ಇಲ್ಲಿ ಮದುವೆಗೆ ಮೊದಲೇ ಕೇಳಲಾಗುತ್ತದೆ. ಈ ವಿಚಾರಣೆ ಹಲವೆಡೆ ಅರ್ಜಿ ತುಂಬುವ ಕೆಲಸವಾಗಿ, ಸಭಾಂಗಣಕ್ಕೆ ಮುಂಗಡ ಕೊಟ್ಟು, ಚಿನ್ನ ಕೊಂಡು, ಆಮಂತ್ರಣ ಪತ್ರಿಕೆ ಹಂಚಿದ ಮೇಲೆ ನಡೆಯುವುದುಂಟು; ಆ ಹೊತ್ತಿಗೆ ಬೇಡವೆನ್ನಲು ಇಪ್ಪತ್ತೈದರ ಹುಡುಗಿಗೆ ಅಸಾಧಾರಣ ಧೈರ್ಯ ಬೇಕು. ನಿಶ್ಚಿತಾರ್ಥಕ್ಕೂ ಮೊದಲು, ಪತ್ರಿಕೆ ಅಚ್ಚಾಗುವ ಮುನ್ನ, ಮನೆಯವರು ಬಾಗಿಲಾಚೆ ಕಾಯದ ಒಂದು ದಿನ ಅದನ್ನು ನಡೆಸಲು ಧರ್ಮಪ್ರಾಂತ್ಯಗಳಿಗೆ ಹೊಸ ಶಾಸನವೇನೂ ಬೇಕಾಗಿಲ್ಲ, ದಿನಾಂಕವನ್ನು ಹಿಂದಕ್ಕೆ ತಂದರೆ ಸಾಕು.